ಹಲಸಿನ ತ್ಯಾಗವೂ ಹಲಸಿನ ಮರವೂ



ವೈಶಾಖ, ಜ್ಯೇಷ್ಠ ಮಾಸಗಳಲ್ಲಿ ಮಲೆನಾಡಿನ ಯಾವ ಜೈನ ಗೃಹಸ್ಥನ ಮನೆಯ ಮೆಟ್ಟಿಲೇರಿದರೂ ಜಗಲಿಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಒರಗಿಸಿಟ್ಟ ಒಂದೆರಡು ಹಲಸಿನ ಹಣ್ಣುಗಳು ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳುವುದಕ್ಕೆ ಮೊದಲೇ ಅವುಗಳ ಪರಿಮಳವು ಮೂಗಿಗೆ ತಾಗಿರುತ್ತದೆ. ‘ಹಸಿದು ಹಲಸು, ಉಂಡು ಮಾವು’ ಎಂಬ ಹಿರಿಯರ ನುಡಿಯನ್ನು ಅರಿಯದವರು ನಮ್ಮಲ್ಲಿ ಇಲ್ಲ. ವ್ರತೋಪವಾಸಗಳ ವಿಚಾರಕ್ಕೆಂದೇ ಮೀಸಲಾದ ಈ ಪತ್ರಿಕೆಯಲ್ಲಿ ಹಸಿವಿನ ಮಾತು ಸರಿ, ಹಲಸಿನ ಮಾತೇಕೆ ಎಂದು ಕೆಲವರು ನಗಬಹುದು. ಆದರೆ ಬಸದಿಯಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಪ್ರತಿವರ್ಷವೂ ಈ ಕಾಲದಲ್ಲಿ ನನಗೆ ಎದುರಾಗುವ ಪ್ರಶ್ನೆಗಳು ಎರಡು. ಹಲಸು ಭಕ್ಷ್ಯವೋ ಅಭಕ್ಷ್ಯವೋ ಎಂಬುದು ಒಂದು. ಚಾತುರ್ಮಾಸದಲ್ಲಿ ಅದನ್ನು ಬಿಟ್ಟರೆ ವ್ರತವಾಯಿತೇ ಎಂಬುದು ಇನ್ನೊಂದು. ಮೂರನೆಯದೊಂದು ಪ್ರಶ್ನೆಯಿದೆ. ಅದನ್ನು ನನಗೆ ಯಾರೂ ಕೇಳಿಲ್ಲ, ನಾನೇ ಕೇಳಿಕೊಂಡದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಭಕ್ಷ್ಯಾಭಕ್ಷ್ಯದ ವಿಚಾರ. ಕೆಲವು ಮನೆಗಳಲ್ಲಿ ಹಿರಿಯರು ಹಲಸನ್ನು ಮುಟ್ಟುವುದಿಲ್ಲ. ಕಾರಣ ಕೇಳಿದರೆ, ‘ಅದೂ ಅತ್ತಿಯ ಜಾತಿಯದೇ, ಹೂವಿಲ್ಲದೆ ಕಾಂಡದಲ್ಲೇ ಕಾಯಿ ಬಿಡುತ್ತದೆ, ಉದುಂಬರದಲ್ಲಿ ಸೇರಿದ್ದು’ ಎನ್ನುತ್ತಾರೆ. ಅವರ ಪಾಪಭೀರುತ್ವಕ್ಕೆ ನನ್ನ ನಮಸ್ಕಾರವಿದೆ. ಆದರೆ ಕಾರಣವನ್ನು ಪರೀಕ್ಷಿಸಿ ನೋಡುವುದು ಸ್ವಾಧ್ಯಾಯದ ಧರ್ಮ.

ಪಂಚ ಉದುಂಬರಗಳೆಂದರೆ ಆಲ, ಅರಳಿ, ಅತ್ತಿ, ಬಸರಿ ಇವು ನಾಲ್ಕು, ಮತ್ತೆ ಇದೇ ಕುಲದ ಐದನೆಯದೊಂದು. ಈ ಐದನೆಯದರ ಹೆಸರು ಗ್ರಂಥದಿಂದ ಗ್ರಂಥಕ್ಕೆ, ಸೀಮೆಯಿಂದ ಸೀಮೆಗೆ ತುಸು ಬದಲಾಗುತ್ತದೆ. ನಮ್ಮ ಕಡೆ ಗೋಳಿ ಎನ್ನುವುದುಂಟು. ಮದ್ಯ, ಮಾಂಸ, ಮಧುಗಳ ತ್ಯಾಗದೊಡನೆ ಈ ಐದು ಫಲಗಳ ತ್ಯಾಗವನ್ನೂ ಸೇರಿಸಿ ಅಷ್ಟಮೂಲಗುಣಗಳೆಂದು ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರೂಪಿಸಿದ್ದಾರೆ. ಅವರು ಕೊಟ್ಟ ಕಾರಣವು ಸ್ಪಷ್ಟವಾಗಿದೆ. ಇವು ತ್ರಸಜೀವಗಳ ಹುಟ್ಟುನೆಲೆ. ಅತ್ತಿಯ ಹಣ್ಣನ್ನು ಬಿಡಿಸಿ ನೋಡಿದ ಯಾವ ಶಾಲಾಬಾಲಕನೂ ಇದನ್ನು ಬಲ್ಲ. ಅತ್ತಿಯ ಹೂಗಳು ಕಾಯಿಯ ಒಳಗೇ ಮುಚ್ಚಿಕೊಂಡಿರುತ್ತವೆ. ಒಂದು ಬಗೆಯ ಸಣ್ಣ ಕಣಜವು ಸೂಜಿಮೊನೆಯಷ್ಟು ಕಂಡಿಯಿಂದ ಒಳಹೊಕ್ಕು, ಅಲ್ಲಿಯೇ ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಅದರ ಸಂತತಿ ಅಲ್ಲಿಯೇ ಹುಟ್ಟಿ ಹೊರಬರುತ್ತದೆ. ಇದನ್ನು ಇಂದಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಿಂದ ಕಂಡರು, ಆಚಾರ್ಯರು ಅದಕ್ಕೆ ನೂರಾರು ವರ್ಷ ಮೊದಲೇ ಶ್ರಾವಕನ ಬಾಯಿಂದ ಆ ಹಣ್ಣನ್ನು ದೂರವಿರಿಸಿದರು.

ಹಲಸಿನ ಸ್ಥಿತಿ ಬೇರೆ. ಅದು ಅತ್ತಿ, ಹಿಪ್ಪುನೇರಳೆಗಳ ಕುಟುಂಬಕ್ಕೇ ಸೇರಿದ್ದೆಂದು ಸಸ್ಯಶಾಸ್ತ್ರಜ್ಞರು ಹೇಳುವುದು ನಿಜ. ಆದ್ದರಿಂದ ನಮ್ಮ ಹಿರಿಯರ ಅನುಮಾನವು ಪೂರ್ತಿ ನಿರಾಧಾರವಾದುದಲ್ಲ. ಆದರೆ ಹಲಸಿಗೆ ಹೂವಿಲ್ಲವೆಂಬ ಮಾತು ಸರಿಯಲ್ಲ. ಒಂದೇ ಮರದಲ್ಲಿ ಗಂಡು ಹೂಗೊಂಚಲೂ ಹೆಣ್ಣು ಹೂಗೊಂಚಲೂ ಇರುತ್ತವೆ. ಗಂಡು ಗೊಂಚಲು ಕೆಲವು ದಿನಗಳಲ್ಲಿ ಕಪ್ಪಾಗಿ ಉದುರಿಹೋಗುತ್ತದೆ, ಹೆಣ್ಣು ಗೊಂಚಲೇ ಬೆಳೆದು ಕಾಯಾಗುತ್ತದೆ. ನಾವು ಹಲಸಿನ ಮುಳ್ಳು ಎನ್ನುವ ಒಂದೊಂದು ಮೊನೆಯೂ ಒಂದೊಂದು ಹೂವಿನ ಗುರುತು. ಹೂಗಳು ಹೊರಮುಖವಾಗಿವೆ, ಒಳಗೆ ಮುಚ್ಚಿಕೊಂಡಿಲ್ಲ. ಫಲಿಸಿದ ಹೂವು ತೊಳೆಯಾಗುತ್ತದೆ, ಫಲಿಸದ್ದು ನಾರಿನ ಎಳೆಯಾಗಿ ಉಳಿಯುತ್ತದೆ. ಅತ್ತಿಯಲ್ಲಿರುವಂತೆ ಕೀಟಗಳು ಒಳಗೆ ಹುಟ್ಟಿ ಬೆಳೆಯಲೇಬೇಕೆಂಬ ನಿಯಮವು ಇಲ್ಲಿಲ್ಲ. ಆದುದರಿಂದ ಪನಸವು ಉದುಂಬರವಲ್ಲ, ಸ್ವಭಾವತಃ ಅಭಕ್ಷ್ಯವೂ ಅಲ್ಲ.

ಹೀಗೆಂದ ಮಾತ್ರಕ್ಕೆ ಕಣ್ಣು ಮುಚ್ಚಿ ತಿನ್ನಬಹುದೆಂದು ಅರ್ಥವಲ್ಲ. ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರತ್ಯೇಕ ವನಸ್ಪತಿ, ಸಾಧಾರಣ ವನಸ್ಪತಿಗಳನ್ನು ಗುರುತಿಸುವ ಲಕ್ಷಣಗಳನ್ನು ಕೊಟ್ಟಿದ್ದಾರೆ. ನರ, ಗಂಟು, ಸಂಧಿಗಳು ಕಾಣದೆ, ಮುರಿದರೆ ಸಮವಾಗಿ ಮುರಿಯುವ, ನಡುವೆ ನಾರು ಎಳೆಯದ ಕಾಯಿಪಲ್ಲೆಗಳು ಅನಂತ ಜೀವಗಳಿಗೆ ಆಶ್ರಯ. ನಾರು ಕಂಡು, ಮುರಿತ ವಿಷಮವಾಗಿದ್ದರೆ ಅದು ಒಂದೇ ಜೀವದ ಶರೀರ. ಬೀಜ ಇನ್ನೂ ಮೂಡದ ತೀರ ಎಳೆಯ ಗುಜ್ಜೆಯನ್ನು ಈ ಲಕ್ಷಣಕ್ಕೆ ಒಡ್ಡಿ ನೋಡಿ, ಬಲಿತ ಕಾಯನ್ನೂ ಒಡ್ಡಿ ನೋಡಿ. ವ್ಯತ್ಯಾಸವು ನಿಮ್ಮ ಕತ್ತಿಗೇ ತಿಳಿಯುತ್ತದೆ. ಎಳೆಗುಜ್ಜೆಯ ಪಲ್ಯವು ರುಚಿಯೆಂದು ನಾನೂ ಬಲ್ಲೆ. ಆದರೆ ಮರದಲ್ಲಿದ್ದರೆ ಇಪ್ಪತ್ತು ಜನರ ಹೊಟ್ಟೆ ತುಂಬಬಹುದಾದುದನ್ನು ಬೊಗಸೆಯ ಗಾತ್ರದಲ್ಲೇ ಕೊಯ್ದು ಒಂದು ಹೊತ್ತಿನ ಪಲ್ಯಕ್ಕೆ ಮುಗಿಸುವುದು ಆಗಮದ ಲೆಕ್ಕದಲ್ಲೂ ಮನೆಯ ಲೆಕ್ಕದಲ್ಲೂ ನಷ್ಟವೇ.

ಹಣ್ಣಿನ ವಿಷಯದಲ್ಲಿ ಮನೆಯ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾದುದು ಕಡಮೆ, ಅವರೇ ಹೆಚ್ಚು ಬಲ್ಲರು. ಕೈಗೂ ಕತ್ತಿಗೂ ಎಣ್ಣೆ ಸವರಿ ಬೆಳಗಿನಲ್ಲೇ ಹಣ್ಣನ್ನು ಬಿಡಿಸಬೇಕು, ಒಂದೊಂದು ತೊಳೆಯನ್ನೂ ಸೀಳಿ ಶೋಧಿಸಬೇಕು, ಅನಸ್ತಮಿತಕ್ಕೆ ಮುನ್ನ ಮುಗಿಯುವಷ್ಟನ್ನೇ ತೆಗೆಯಬೇಕು. ಸಂಜೆ ಬಿಡಿಸಿದ ಹಣ್ಣು ಬೆಳಗಾಗುವಷ್ಟರಲ್ಲಿ ಹುಳಿವಾಸನೆ ಹಿಡಿದು ಚಲಿತರಸವಾಗುತ್ತದೆ. ಅದರ ಸುತ್ತ ಎಷ್ಟು ಇರುವೆ, ಎಷ್ಟು ನೊಣ! ಹದಿನೈದು ಕಿಲೋ ತೂಗುವ ಹಣ್ಣನ್ನು ನಾಲ್ಕು ಜನರ ಕುಟುಂಬವು ಸೂರ್ಯಾಸ್ತದೊಳಗೆ ತಿಂದು ಮುಗಿಸುವುದುಂಟೇ? ಆದ್ದರಿಂದಲೇ ಹಲಸು ಬಿಡಿಸಿದ ಮನೆಯಿಂದ ಹತ್ತು ಮನೆಗೆ ಬಾಳೆಲೆಯ ಪೊಟ್ಟಣ ಹೋಗುವ ರೂಢಿ ಬಂದದ್ದು. ಐದನೆಯ ಸಚಿತ್ತತ್ಯಾಗ ಪ್ರತಿಮೆಯಲ್ಲಿರುವವರು ಬೀಜ ತೆಗೆದು ಬೇಯಿಸಿ ಪ್ರಾಸುಕ ಮಾಡಿಯೇ ಸ್ವೀಕರಿಸತಕ್ಕದ್ದು. 2018ರಲ್ಲಿ ನೆರೆಯ ಕೇರಳ ರಾಜ್ಯವು ಹಲಸನ್ನು ತನ್ನ ರಾಜ್ಯಫಲವೆಂದು ಘೋಷಿಸಿದೆ. ಅದರ ಹಿಟ್ಟನ್ನೂ ಹುರಿದ ತೊಳೆಯನ್ನೂ ಈಗ ಪೊಟ್ಟಣಗಳಲ್ಲಿ ಮಾರುತ್ತಾರೆ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ಎಂಬುದನ್ನು ನಡೆಸುವ ಮನೆಗಳು ಅಂತಹ ಪೊಟ್ಟಣದ ಮೇಲಿನ ತಾರೀಖನ್ನು ಓದಿ ಅಂಗಡಿಯಲ್ಲೇ ಬಿಟ್ಟುಬರುವುದು ಲೇಸು.

ಇನ್ನು ವ್ರತದ ವಿಚಾರ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುತ್ತಾ ಒಂದು ಸೂಕ್ಷ್ಮವನ್ನು ತೆರೆದಿಟ್ಟಿದ್ದಾರೆ. ಅಯೋಗ್ಯವಾದುದನ್ನು ಬಿಡಬೇಕಾದುದು ಹೇಗೂ ಬಿಡಬೇಕು. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರತನಾಗುವುದೇ ವ್ರತವೆಂದು ಅವರ ಅಭಿಪ್ರಾಯ. ಅಂತಹ ತ್ಯಾಗವನ್ನು ಕಾಲದ ಮಿತಿಯಿಟ್ಟು ಮಾಡಿದರೆ ನಿಯಮ, ಜೀವವಿರುವವರೆಗೆ ಮಾಡಿದರೆ ಯಮ. ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಹೀಗೆ ತಮ್ಮ ಶಕ್ತಿಗೆ ತಕ್ಕಂತೆ ಮಿತಿಯನ್ನು ಇಟ್ಟುಕೊಳ್ಳಬಹುದು.

ಈ ಅಳತೆಗೋಲನ್ನು ಹಿಡಿದು ನಮ್ಮ ರೂಢಿಯನ್ನು ನೋಡೋಣ. ಆಷಾಢ ಶುಕ್ಲ ಚತುರ್ದಶಿಯಂದು ಮುನಿಗಳ ವರ್ಷಾಯೋಗದ ಸ್ಥಾಪನೆಯಾಗುತ್ತದೆ. ಆ ದಿನ ಬಸದಿಯಲ್ಲಿ ಶ್ರಾವಕರು ಒಬ್ಬೊಬ್ಬರಾಗಿ ಎದ್ದು ‘ನನಗೆ ಚಾತುರ್ಮಾಸವಿಡೀ ಹಲಸಿನ ತ್ಯಾಗ’ ಎಂದು ಹೇಳುತ್ತಾರೆ. ಅಷ್ಟರಲ್ಲಿ ಮಲೆನಾಡಿನ ಮಳೆ ಹಿಡಿದು ಮರದಲ್ಲಿ ಉಳಿದ ಹಣ್ಣುಗಳು ನೀರು ಕುಡಿದು ಸಪ್ಪೆಯಾಗಿರುತ್ತವೆ. ದಶಲಕ್ಷಣ ಪರ್ವದ ಭಾದ್ರಪದದಲ್ಲಂತೂ ಹಲಸಿನ ಮರದಲ್ಲಿ ಎಲೆಯ ಹೊರತು ಬೇರೇನೂ ಇರುವುದಿಲ್ಲ. ಇಲ್ಲದ ಹಣ್ಣನ್ನು ಬಿಟ್ಟು ಪುಣ್ಯದ ಲೆಕ್ಕ ಬರೆದುಕೊಳ್ಳುವ ನಮ್ಮ ಜಾಣತನವನ್ನು ಕಂಡು ನನಗೆ ಒಮ್ಮೊಮ್ಮೆ ನಗೆ ಬರುತ್ತದೆ. ನಾಲಗೆ ನೀರೂರುವ ವೈಶಾಖದಲ್ಲಿ, ಪರಿಮಳ ಜಗಲಿಯಲ್ಲಿ ತುಂಬಿರುವಾಗ, ‘ಇಂದು ಐದು ತೊಳೆ ಮಾತ್ರ’ ಎಂದು ಮನಸ್ಸಿನಲ್ಲೇ ಎಣಿಸಿ ಆರನೆಯದಕ್ಕೆ ಕೈಚಾಚದಿರುವವನ ನಿಯಮ ಅದಕ್ಕಿಂತ ಹೆಚ್ಚಿನದು. ಅದನ್ನು ಅವನು ಯಾರಿಗೂ ಹೇಳಬೇಕಾಗಿಲ್ಲ.

ಈಗ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಹಣ್ಣನ್ನು ಬಿಟ್ಟವನು ಮರವನ್ನು ಏನು ಮಾಡಿದ?

ಗೊಮ್ಮಟಸಾರದಲ್ಲಿ ಲೇಶ್ಯಾಮಾರ್ಗಣೆಯ ಪ್ರಸಂಗದಲ್ಲಿ ಒಂದು ದೃಷ್ಟಾಂತ ಬರುತ್ತದೆ. ಚಾವುಂಡರಾಯನ ಕಾಲದಲ್ಲಿ ರಚಿತವಾದ ಈ ಗ್ರಂಥಕ್ಕೆ ಕೇಶವಣ್ಣನು 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದು ಮುಗಿಸಿದನಾದ್ದರಿಂದ ಈ ದೃಷ್ಟಾಂತವು ಕನ್ನಡಿಗ ಶ್ರಾವಕರಿಗೆ ಬಹುಕಾಲದ ಪರಿಚಯ. ಶ್ರವಣಬೆಳಗೊಳದ ಜೈನಮಠದ ಗೋಡೆಯ ಚಿತ್ರಗಳಲ್ಲಿಯೂ ಆರು ಮಂದಿಯನ್ನು ಹೊತ್ತ ಈ ಮರವನ್ನು ಕಾಣಬಹುದು. ಆರು ಜನ ದಾರಿಹೋಕರು ಅಡವಿಯ ನಡುವೆ ದಾರಿ ತಪ್ಪಿ, ಹಸಿದು, ಹಣ್ಣಿನಿಂದ ತುಂಬಿದ ಒಂದು ಮರವನ್ನು ಕಾಣುತ್ತಾರೆ. ಬುಡಸಹಿತ ಕಿತ್ತು ತಿನ್ನೋಣವೆಂದು ಯೋಚಿಸಿದವನದು ಕೃಷ್ಣಲೇಶ್ಯೆ. ಕಾಂಡವನ್ನು ಕಡಿಯೋಣವೆಂದವನದು ನೀಲ. ದೊಡ್ಡ ಕೊಂಬೆಗಳು ಸಾಕೆಂದವನದು ಕಾಪೋತ. ಸಣ್ಣ ರೆಂಬೆಗಳು ಸಾಕೆಂದವನದು ಪೀತ. ಹಣ್ಣುಗಳನ್ನಷ್ಟೇ ಬಿಡಿಸೋಣವೆಂದವನದು ಪದ್ಮ. ತಾನಾಗಿ ಬಿದ್ದುದನ್ನು ಆಯ್ದು ತಿನ್ನೋಣವೆಂದವನದು ಶುಕ್ಲಲೇಶ್ಯೆ. ಮರ ಒಂದೇ, ಹಸಿವೂ ಒಂದೇ, ಹಣ್ಣೂ ಒಂದೇ. ಮನಸ್ಸಿನ ಬಣ್ಣ ಮಾತ್ರ ಆರು.

ಸಿದ್ಧಾಂತಚಕ್ರವರ್ತಿಗಳು ಮರದ ಹೆಸರನ್ನು ಹೇಳಿಲ್ಲ. ಕೆಲವರು ನೇರಳೆಯೆನ್ನುತ್ತಾರೆ, ಕೆಲವರು ಮಾವು ಎನ್ನುತ್ತಾರೆ. ನಾನು ಮಾತ್ರ ಬಹಳ ವರ್ಷಗಳಿಂದ ಆ ಗಾಥೆಯನ್ನು ಓದುವಾಗಲೆಲ್ಲ ಹಲಸಿನ ಮರವನ್ನೇ ಕಾಣುತ್ತಿದ್ದೇನೆ. ಏಕೆಂದರೆ ಆ ಆರು ಜನರೂ, ಬುಡವನ್ನು ಕೀಳಹೊರಟವನೂ ಸೇರಿ, ಬಯಸಿದ್ದು ಹಣ್ಣನ್ನು. ಅವರಿಗೆ ಹಸಿವಿತ್ತು. ಹಲಸಿನ ಮರದ ಬಳಿಗೆ ಏಳನೆಯವನೊಬ್ಬ ಬರುತ್ತಾನೆ. ಅವನಿಗೆ ಹಸಿವಿಲ್ಲ. ಹಣ್ಣಿಗೆ ಅವನು ತ್ಯಾಗವನ್ನೇ ಹೇಳಿಬಿಟ್ಟಿರಬಹುದು. ಅವನು ನೋಡುವುದು ಕಾಂಡದ ಸುತ್ತಳತೆಯನ್ನು.

ಹಲಸಿನ ಮರದ ಗುಣವನ್ನು ಬಲ್ಲವರಿಗೆ ಈ ಮಾತು ಅರ್ಥವಾಗುತ್ತದೆ. ಪಶ್ಚಿಮ ಘಟ್ಟದ ಮಣ್ಣೇ ಇದರ ತವರು. ಕೊಯ್ದ ಹೊಸದರಲ್ಲಿ ಅದರ ಚೇಗು ಅರಿಸಿನದಂತೆ ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದುಗೆಂಪಿಗೆ ತಿರುಗುತ್ತದೆ. ಗೆದ್ದಲು ಅದನ್ನು ಸುಲಭವಾಗಿ ಮುಟ್ಟದು. ಬಾಗಿಲು, ಕಂಬ, ಪೆಟ್ಟಿಗೆಗಳಿಗೆ ಸಾಗುವಾನಿಯ ಮುಂದಿನ ಸ್ಥಾನ ಅದರದೇ, ಬೆಲೆ ಮಾತ್ರ ಅದಕ್ಕಿಂತ ಕಡಮೆ. ವೀಣೆಯ ಕೊಡವೂ ಮೃದಂಗದ ಹೊಳವೂ ಯಕ್ಷಗಾನದ ಮದ್ದಳೆಯೂ ಆಗುವುದು ಈ ಮರದಿಂದಲೇ. ಹಣ್ಣನ್ನು ನಿಂತೇ ಕೊಡುವ ಮರ, ಹಲಗೆಯನ್ನು ಬಿದ್ದ ಮೇಲೆ ಕೊಡುತ್ತದೆ. ಹಣ್ಣು ಪ್ರತಿವರ್ಷ, ಹಲಗೆ ಒಂದೇ ಸಲ.

1988ರಲ್ಲಿ ಆ ಏಳನೆಯವನು ನಾನಾಗಿದ್ದೆ. ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಆಲೋಚನೆಯಿಲ್ಲದೆ ಉಪದೇಶಕ್ಕೆ ನಿಲ್ಲುವುದು ಸರಿಯಲ್ಲ. ನಾನು ಮೇಷ್ಟರಾಗಿ ನಾಲ್ಕನೆಯ ವರ್ಷ. ಆ ಫಾಲ್ಗುಣದ ಅಷ್ಟಾಹ್ನಿಕ ಪರ್ವದಲ್ಲಿ ಬಸದಿಗೆ ಬಂದಿದ್ದ ತ್ಯಾಗಿಗಳ ಮುಂದೆ ನಿಂತು ಆ ಋತುವಿಡೀ ಹಲಸಿನ ತ್ಯಾಗವನ್ನು ತೆಗೆದುಕೊಂಡೆ. ಹಲಸಿನ ಮೇಲೆ ನನಗಿದ್ದ ಆಸೆಯನ್ನು ಊರೇ ಬಲ್ಲುದಾದ್ದರಿಂದ ಎಲ್ಲರೂ ಮೆಚ್ಚಿದರು. ಸಭೆಯಲ್ಲಿ ನನ್ನ ಹೆಸರನ್ನು ಹೇಳಿದರು. ಅದೇ ಅಷ್ಟಾಹ್ನಿಕದಲ್ಲಿಯೇ ನಮ್ಮ ಕೊಟ್ಟಿಗೆಯ ಹಿಂದೆ ಅಜ್ಜ ನೆಟ್ಟಿದ್ದ, ಇಬ್ಬರು ತಬ್ಬಿದರೂ ತೋಳು ಕೂಡದ ಹಲಸಿನ ಮರವನ್ನು ಕಡಿಸಿದೆ. ಹೊಸ ಮನೆಗೆ ಬಾಗಿಲು ಕಿಟಕಿಗಳಾಗಬೇಕಾಗಿತ್ತು. ಮಳೆಗಾಲಕ್ಕೆ ಮೊದಲು ಹಲಗೆ ಒಣಗಬೇಕಾಗಿತ್ತು. 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅರ್ಜಿ ಕೊಟ್ಟು ಸರ್ಕಾರದ ಅನುಮತಿಯನ್ನು ಪಡೆದಿದ್ದೆ. ಆಗಮದ ಅನುಮತಿಯನ್ನು ಕೇಳಬೇಕೆಂದು ತೋರಲೇ ಇಲ್ಲ. ತ್ಯಾಗ ತೆಗೆದುಕೊಂಡದ್ದು ಹಣ್ಣಿಗೆ ತಾನೇ!

ಮರ ಬಿದ್ದಾಗ ಕಾಂಡದಲ್ಲಿ ಗುಜ್ಜೆಗಳು ಕಟ್ಟಿದ್ದವು. ನಮ್ಮ ತಾಯಿ ಬುಟ್ಟಿ ಹಿಡಿದು ಬಂದು ಒಂದೊಂದಾಗಿ ಆರಿಸಿದರು. ಮೂವತ್ತೆರಡಿದ್ದವು. ಎಲೆಗಳನ್ನು ಹಸುವಿಗೆ ಹಾಕಿದರು. ಗುಜ್ಜೆಗಳನ್ನು ಪಲ್ಯ ಮಾಡಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಕಾಂಡದ ಪೊಟರೆಯಲ್ಲಿ ಗಿಳಿಯ ಗೂಡಿತ್ತೆಂಬುದು ಕಡಿಯುವವರಿಗೆ ಅರ್ಧ ಕಡಿದ ಮೇಲೆ ತಿಳಿಯಿತು. ತೊಗಟೆಯ ಸಂದಿನಿಂದ ಇರುವೆಗಳು ಬಿಳಿಯ ಮೊಟ್ಟೆಗಳನ್ನು ಕಚ್ಚಿಕೊಂಡು ಸಂಜೆಯವರೆಗೂ ಸಾಲುಹಿಡಿದು ಹೋಗುತ್ತಿದ್ದವು. ಮರವು ಏಕೇಂದ್ರಿಯ ಜೀವಿ, ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಉಚ್ಛ್ವಾಸಗಳೆಂಬ ನಾಲ್ಕೇ ಪ್ರಾಣಗಳು ಎಂದು ತರಗತಿಯಲ್ಲಿ ಹೇಳುವಂತೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ದಿನ ನಾಶವಾದದ್ದು ನಾಲ್ಕು ಪ್ರಾಣಗಳಷ್ಟೇ ಆಗಿರಲಿಲ್ಲ.

ಆ ವೈಶಾಖದಲ್ಲಿ ಒಂದು ದಿನ ನೆರೆಯ ಮನೆಯ ಮಗು ಬಂದು ಅಭ್ಯಾಸದಂತೆ ಬಾಗಿಲಲ್ಲಿ ನಿಂತು ತೊಳೆ ಕೇಳಿತು. ನಮ್ಮ ತಾಯಿ ಅದಕ್ಕೆ ಬೆಲ್ಲ ಕೊಟ್ಟು ಕಳುಹಿಸಿ ಒಳಬಂದು, ‘ನೀನೊಬ್ಬ ವ್ರತ ಹಿಡಿದೆ, ಕೇರಿಗೆಲ್ಲ ಹಿಡಿಸಿದೆ’ ಎಂದರು. ಕೋಪದಿಂದ ಹೇಳಿದ್ದಲ್ಲ. ಅವರು ಓದಿದವರಲ್ಲ. ಗೊಮ್ಮಟಸಾರದ ಹೆಸರು ಕೇಳಿದ್ದರು, ಅಷ್ಟೆ.

ಇಲ್ಲಿ ಒಂದು ಶಂಕೆ ಏಳುತ್ತದೆ. ಗೃಹಸ್ಥನಿಗೆ ಮನೆ ಬೇಡವೇ, ಮನೆಗೆ ಬಾಗಿಲು ಬೇಡವೇ? ಬಸದಿಯ ದ್ವಾರಗಳೂ, ಶಾಸ್ತ್ರಗಳನ್ನಿಡುವ ವ್ಯಾಸಪೀಠಗಳೂ ಮರದವೇ ಅಲ್ಲವೇ? ಮೂಡುಬಿದಿರೆಯ ಸಾವಿರಕಂಬದ ಬಸದಿಯ ಮೇಲಂತಸ್ತು ಮರದ್ದಲ್ಲವೇ? ಸಮಾಧಾನವೆಂದರೆ, ಹೌದು, ಬೇಕು. ಸ್ಥಾವರ ಹಿಂಸೆಯಿಂದ ಪೂರ್ಣ ವಿರತನಾಗುವುದು ಗೃಹಸ್ಥನಿಗೆ ಶಕ್ಯವಲ್ಲವೆಂದು ಆಚಾರ್ಯರೇ ಒಪ್ಪಿದ್ದಾರೆ. ಆದರೆ ಅಮೃತಚಂದ್ರ ಸೂರಿಗಳು ಅಲ್ಲಿಗೆ ನಿಲ್ಲಿಸಲಿಲ್ಲ. ಯೋಗ್ಯವಾದ ಉಪಯೋಗಕ್ಕೆ ಅನಿವಾರ್ಯವಾದ ಅಲ್ಪವನ್ನು ಬಿಟ್ಟು ಉಳಿದ ಸ್ಥಾವರಗಳ ಘಾತದಿಂದಲೂ ಗೃಹಸ್ಥನು ನಿವೃತ್ತನಾಗತಕ್ಕದ್ದೆಂದು ಅವರು ವಿಧಿಸಿದ್ದಾರೆ. ಸಮಂತಭದ್ರ ಸ್ವಾಮಿಗಳು ನಿಷ್ಪ್ರಯೋಜನವಾಗಿ ಗಿಡಮರಗಳನ್ನು ಕಡಿಯುವುದನ್ನು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಎಣಿಸಿದ್ದಾರೆ. ಪಂಡಿತ ಆಶಾಧರರು ಕಾಡು ಕಡಿದು ಮಾರುವ ಜೀವನೋಪಾಯವನ್ನು ಶ್ರಾವಕನಿಗೆ ಸಲ್ಲದ ಕ್ರೂರಕರ್ಮಗಳಲ್ಲಿ ಹೇಳಿದ್ದಾರೆ. ಪ್ರಯೋಜನವೆಷ್ಟು ಎಂಬ ಲೆಕ್ಕವೇ ಇಲ್ಲಿ ಮುಖ್ಯ.

ಆ ಲೆಕ್ಕವನ್ನು ನಾನು ಮಾಡಿದ್ದು ಬಹಳ ತಡವಾಗಿ. ಕೆಲವು ವರ್ಷಗಳ ಮೇಲೆ ಹೊಂಬುಜಕ್ಕೆ ಹೋಗಿದ್ದಾಗ ಅಲ್ಲಿಗೆ ವಿಹಾರ ಮಾಡುತ್ತ ಬಂದಿದ್ದ ಮುನಿಗಳೊಬ್ಬರ ಬಳಿ ಈ ಸಂಗತಿಯನ್ನು ನಿವೇದಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಬಾಗಿಲಿಗೆ ಎಷ್ಟು ಮರ ಬೇಕಾಯಿತು?’ ನಾನು ಯೋಚಿಸಿ, ಮೂರರಲ್ಲೊಂದು ಪಾಲು ಎಂದೆ. ಉಳಿದುದು? ಉಳಿದುದನ್ನು ಮರದ ವ್ಯಾಪಾರಿಗೆ ಮಾರಿದ್ದೆ. ಆ ಹಣದಿಂದ ನಡುಮನೆಗೆ ಮೊಸಾಯಿಕ್ ನೆಲವನ್ನು ಹಾಕಿಸಿದ್ದೆ. ಸುತ್ತಮುತ್ತ ಯಾರ ಮನೆಯಲ್ಲೂ ಆಗ ಮೊಸಾಯಿಕ್ ಇರಲಿಲ್ಲ. ಮುನಿಗಳು ಮತ್ತೇನೂ ಹೇಳದೆ ಪ್ರಾಯಶ್ಚಿತ್ತವಾಗಿ ಕೆಲವು ಚತುರ್ದಶಿಗಳ ಉಪವಾಸವನ್ನು ಕೊಟ್ಟರು. ಉಪವಾಸಗಳನ್ನು ಮಾಡಿದೆ, ಕಷ್ಟವಾಗಲಿಲ್ಲ. ಆ ನೆಲದ ಮೇಲೆ ಚಾಪೆ ಹಾಸಿ ಸಾಮಾಯಿಕಕ್ಕೆ ಕುಳಿತಾಗ ಮಾತ್ರ ಮೊದಲಿನಂತೆ ಮನಸ್ಸು ನಿಲ್ಲಲಿಲ್ಲ. ಶಲ್ಯವಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳಿದ್ದನ್ನು ಅದಕ್ಕೆ ಮೊದಲು ಎಷ್ಟೋ ಸಲ ಪಾಠ ಹೇಳಿದ್ದೆ.

ಇನ್ನೊಂದು ಶಂಕೆಯನ್ನು ಸ್ವಾಧ್ಯಾಯದಲ್ಲಿ ಒಬ್ಬ ಹುಡುಗ ಎತ್ತಿದ್ದ. ಶುಕ್ಲಲೇಶ್ಯೆಯವನು ಬಿದ್ದ ಹಣ್ಣನ್ನು ತಿನ್ನುತ್ತಾನೆ. ಹಾಗಾದರೆ ಹಲಸು ತಾನಾಗಿ ಬೀಳುವವರೆಗೆ ಕಾಯಬೇಕೇ? ಒಳ್ಳೆಯ ಪ್ರಶ್ನೆ. ಮರದಿಂದ ಬಿದ್ದ ಹಲಸು ಒಡೆದು ಚೆಲ್ಲಿ, ಗಳಿಗೆಯೊಳಗೆ ನೊಣ ಹುಳುಗಳಿಗೆ ನೆಲೆಯಾಗುತ್ತದೆ. ಅದನ್ನು ತಿಂದರೆ ತ್ರಸಘಾತವೇ ಆಗುತ್ತದೆ. ಆದುದರಿಂದ ದೃಷ್ಟಾಂತವನ್ನು ಅಡುಗೆಯ ಕಟ್ಟಳೆಯೆಂದು ತಿಳಿಯಬಾರದು, ಅದು ಪರಿಣಾಮಗಳ ಕನ್ನಡಿ. ಬೆಳೆದ ಹಣ್ಣನ್ನು ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿ, ತೊಟ್ಟಿನ ಹೊರತು ಬೇರೆಲ್ಲಿಯೂ ಗಾಯವಾಗದಂತೆ ಕೊಯ್ಯುವವನು ಪದ್ಮಲೇಶ್ಯೆಯವನ ಹತ್ತಿರ ಇದ್ದಾನೆಂದು ತಿಳಿದರೆ ಗೃಹಸ್ಥನಿಗೆ ಅಷ್ಟು ಸಾಕು. ಹಣ್ಣನ್ನು ತಿನ್ನದಿರುವುದರಿಂದಲೇ ಮರದ ಮೇಲೆ ದಯೆ ಬರುವುದೆಂದೂ ಇಲ್ಲ, ತಿನ್ನಬಾರದ ಹಣ್ಣಿನ ಮರವೆಂದು ಅನಾದರಕ್ಕೂ ಕಾರಣವಿಲ್ಲ. ಆಲದ ಹಣ್ಣು ನಮಗೆ ಮೂಲಗುಣದಿಂದಲೇ ತ್ಯಾಜ್ಯ. ಆದರೂ ಆದಿನಾಥ ಸ್ವಾಮಿಗೆ ಕೇವಲಜ್ಞಾನ ಉದಿಸಿದ್ದು ಆ ಆಲದ ಮರದ ಕೆಳಗೆಯೇ.

ನಮ್ಮ ತಾಯಿ 1988ರ ಮಳೆ ಹಿಡಿಯುತ್ತಲೇ ನೆರೆಮನೆಯವರು ಕಳುಹಿಸಿದ್ದ ಹಣ್ಣಿನ ಬೀಜಗಳಲ್ಲಿ ಮೂರನ್ನು ತೆಗೆದು ಹಳೆಯ ಬುಡದಿಂದ ಹತ್ತು ಹೆಜ್ಜೆ ಆಚೆಗೆ ಊರಿದರು. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ, ಹಸಿಯಿರುವಾಗಲೇ ಮಣ್ಣಿಗೆ ಸೇರಬೇಕು. ಮೂರರಲ್ಲಿ ಒಂದು ಉಳಿಯಿತು. 1997ರಲ್ಲಿ ಮೊದಲ ಕಾಯಿ ಕಟ್ಟಿತು. ತುಳುವೆಯಾಗಬಹುದೆಂದು ಅಂಜುತ್ತಿದ್ದೆವು, ಒಳ್ಳೆಯ ಬಕ್ಕೆ. 2003ರಲ್ಲಿ ಸಮಾಧಾನಚಿತ್ತದಿಂದ ತೀರಿಕೊಳ್ಳುವವರೆಗೂ ಹಣ್ಣನ್ನು ಬಿಡಿಸಿ ಪಾಲು ಮಾಡುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಅವರು ಹಲಸಿಗೆ ಎಂದೂ ತ್ಯಾಗವನ್ನು ಹೇಳಿದವರಲ್ಲ. ಆದರೆ ಕೊನೆಯ ಪೊಟ್ಟಣ ಹೊರಟ ಮೇಲೆ ಬುಟ್ಟಿಯಲ್ಲಿ ಉಳಿದುದನ್ನು ಮಾತ್ರ ತಿನ್ನುತ್ತಿದ್ದರು. ಒಮ್ಮೊಮ್ಮೆ ಏನೂ ಉಳಿಯುತ್ತಿರಲಿಲ್ಲ.

ಈಗ ಆ ಮರಕ್ಕೆ ಮೂವತ್ತೇಳು ವರ್ಷ ಮೀರಿದೆ. ಕಾಂಡ ಅಜ್ಜನ ಮರದಷ್ಟು ಆಗಿಲ್ಲ, ಆದರೆ ವ್ಯಾಪಾರಿಯ ಕಣ್ಣಿಗೆ ಬೀಳುವಷ್ಟು ಆಗಿದೆ. ನನ್ನ ಮಗ ದೂರದ ಪಟ್ಟಣದಲ್ಲಿದ್ದಾನೆ. ಹಿತ್ತಿಲ ಆ ಜಾಗದಲ್ಲಿ ಕಾರು ನಿಲ್ಲಿಸುವ ಮಾಡನ್ನು ಕಟ್ಟಿಸೋಣವೆಂದು ಹೋದ ವರ್ಷ ಬಂದಾಗ ಹೇಳಿದ. ಹೇಳಿದ್ದು ತಪ್ಪೆಂದು ನಾನು ಅನ್ನಲಾರೆ. ಅವನ ವಯಸ್ಸಿನಲ್ಲಿ ನಾನು ಮೊಸಾಯಿಕ್ ಹಾಕಿಸಿದವನು. ಅವನೊಡನೆ ವಾದಿಸಲಿಲ್ಲ. ಆಷಾಢದ ಅಷ್ಟಾಹ್ನಿ­ಕದಲ್ಲಿ ಬಸದಿಗೆ ಹೋಗಿ, ಜನರಿಲ್ಲದ ಹೊತ್ತಿನಲ್ಲಿ, ಜಿನಬಿಂಬದ ಮುಂದೆ ಒಂದು ಯಮವನ್ನು ತೆಗೆದುಕೊಂಡೆ. ಈ ಮರವನ್ನು ನಾನು ಕಡಿಯೆ, ಕಡಿಸೆ, ಕಡಿಯುವವರನ್ನು ಅನುಮೋದಿಸೆ, ಮನಸ್ಸಿನಿಂದ, ಮಾತಿನಿಂದ, ಕಾಯದಿಂದ. ನನ್ನ ಆಯುಷ್ಯದ ಮೇರೆಯೇ ಅದರ ಮೇರೆ. ಅದರಾಚೆಗೆ ನನ್ನ ಅಧಿಕಾರವಿಲ್ಲ. ಹಣ್ಣಿಗೆ ಯಾವ ತ್ಯಾಗವನ್ನೂ ಹೇಳಲಿಲ್ಲ, ದಿನಕ್ಕೆ ಐದು ತೊಳೆಯ ಪರಿಮಾಣವಿದೆ. ಮನೆಗೆ ಬಂದು 1988ರ ತ್ಯಾಗವನ್ನು ಬರೆದಿಟ್ಟಿದ್ದ ಹಳೆಯ ಪುಸ್ತಕವನ್ನು ತೆಗೆದು ಅದರ ಕೆಳಗೆ ಇದನ್ನು ಬರೆದೆ. ಮಗನಿಗೂ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾರನ್ನು ರಸ್ತೆಯಲ್ಲೇ ನಿಲ್ಲಿಸಿದರಾಯಿತು ಎಂದ.

ಈ ವೈಶಾಖದಲ್ಲಿ ಮರದ ವ್ಯಾಪಾರಿ ಮತ್ತೆ ಬಂದಿದ್ದ. ಬೆಳಗ್ಗೆ ಬಿಡಿಸಿದ ಹಣ್ಣಿತ್ತು, ಬಾಳೆಲೆಯಲ್ಲಿ ಹಾಕಿ ಕೊಟ್ಟೆ. ಹನ್ನೆರಡು ತೊಳೆ ತಿಂದು, ಬಹಳ ಸಿಹಿಯಾಗಿದೆ ಮೇಷ್ಟ್ರೇ ಎಂದ. ಆಮೇಲೆ ಎದ್ದು ಹೋಗಿ ಕಾಂಡವನ್ನು ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಬೀಜಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದ.